ಪುಸ್ತಕದಲ್ಲಿಲ್ಲದ ಬೇಳೆ

ಆ ಕತೆಯನ್ನು ನಾನು ಓದಿದೆ ಎಂದು ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೆ ಜನ ನಂಬಿದ್ದರು. ನಾನು ಓದಲಿಲ್ಲ. ಪುಸ್ತಕ ಕೈಯಲ್ಲಿತ್ತು, ಕನ್ನಡಕ ಮೂಗಿನ ಮೇಲಿತ್ತು, ಹಾಳೆಯನ್ನೂ ತಿರುವಿದೆ. ಓದು ಮಾತ್ರ ನಡೆಯಲಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಬರೆಯಲು ಕೈ ಸ್ವಲ್ಪ ಓಡುತ್ತದೆ.

ನನಗೆ ಅಕ್ಷರ ಬರುತ್ತದೆ, ಎಲ್ಲ ಅಕ್ಷರ ಬರುವುದಿಲ್ಲ. ಮಕ್ಕಳು ದೊಡ್ಡವರಾದ ಮೇಲೆ ಊರಿಗೆ ಬಂದ ವಯಸ್ಕರ ಶಾಲೆಯಲ್ಲಿ ಒಂದು ವರ್ಷ ಕಲಿತೆ. ಬಸ್ಸಿನ ಬೋರ್ಡು ಓದುತ್ತೇನೆ. ಮದುವೆ ಕಾಗದದಲ್ಲಿ ಹೆಣ್ಣುಗಂಡಿನ ಹೆಸರು ಓದುತ್ತೇನೆ. ಬ್ಯಾಂಕಿನಲ್ಲಿ ಹೆಬ್ಬೆಟ್ಟು ಒತ್ತುವುದಿಲ್ಲ, ಸೈನು ಹಾಕುತ್ತೇನೆ. ಒತ್ತಕ್ಷರ ಬಂದ ಕಡೆ ಮಾತ್ರ ಕಾಲು ಹೂತುಹೋದ ಎಮ್ಮೆಯ ಹಾಗೆ ನಿಂತುಬಿಡುತ್ತೇನೆ. ಇದನ್ನು ಬರೆಯುವಾಗಲೂ ಒತ್ತು ದೀರ್ಘ ತಿದ್ದಿದವಳು ನಮ್ಮೂರಿನ ಲೈಬ್ರರಿ ನೋಡಿಕೊಳ್ಳುವ ಹುಡುಗಿ. ಮಾತಿಗೆ ಕೈ ಹಾಕಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಮ್ಮದು ಭೀಮನಬೀಡಿನ ಪಕ್ಕದ ಸಣ್ಣ ಊರು. ಲೈಬ್ರರಿ ಎಂದರೆ ಒಂದೇ ಕೋಣೆ, ಎರಡು ಬೀರು, ಒಂದು ಉದ್ದನೆ ಮೇಜು. ಬೀರುವಿನ ಕೆಳಗಿನ ಸಾಲಿನಲ್ಲಿ ಹಳೇ ಕಾಲದ ನಗೆ ಕತೆಗಳ ಪುಸ್ತಕಗಳಿದ್ದವು. ಮುಟ್ಟಿದರೆ ಹಾಳೆ ಪುಡಿಯಾಗುವಂಥವು. ಯಾರೂ ಮನೆಗೆ ಒಯ್ಯುತ್ತಿರಲಿಲ್ಲ. ಆ ಹುಡುಗಿಗೆ ಅವು ಹಾಗೇ ಬಿದ್ದಿರುವುದು ಸಂಕಟ. ಕಣ್ಣಿನ ಆಪರೇಷನ್ ಮಾಡಿಸಿಕೊಂಡವರು, ಓದು ಬಾರದವರು, ಹೊಲದಲ್ಲಿ ಫೋನು ಹಚ್ಚಿಟ್ಟುಕೊಂಡು ಕೆಲಸ ಮಾಡುವವರು, ಇವರೆಲ್ಲ ಕೇಳಲಿ ಎಂದು ಅವಳೇ ಒಂದೊಂದು ಕತೆಯನ್ನು ಫೋನಿಗೆ ಓದಿ ವಾಟ್ಸಾಪ್ ಗುಂಪಿಗೆ ಹಾಕತೊಡಗಿದಳು. ಗುಂಪಿಗೆ ನಗೆ ಕತೆ ಎಂದೇ ಹೆಸರಿಟ್ಟಳು.

ಒಳ್ಳೆ ಹುಡುಗಿ, ಆದರೆ ಓದು ಸಪ್ಪೆ. ನಗುವ ಜಾಗ ಬಂದರೂ ಅದೇ ದನಿ, ಸಾಯುವ ಜಾಗ ಬಂದರೂ ಅದೇ ದನಿ. ವಾರ್ತೆ ಓದಿದ ಹಾಗೆ ಇದೆಯೆಂದು ಯಾರೋ ಅವಳ ಮುಖಕ್ಕೇ ಹೇಳಿದರಂತೆ. ಅವಳು ಹುಡುಕಿಕೊಂಡು ನನ್ನ ಹತ್ತಿರ ಬಂದಳು.

ನಾವು ಏಳೆಂಟು ಹೆಂಗಸರು ಒಬ್ಬರ ಹೊಲದಲ್ಲಿ ಸಣ್ಣ ಈರುಳ್ಳಿಯ ಬಾಲ ಕತ್ತರಿಸುತ್ತ ಕೂತಿದ್ದೆವು. ನಾನು ಎಂದಿನಂತೆ ಯಾರದೋ ನಡಿಗೆ, ಯಾರದೋ ಮಾತು ಮಾಡಿ ತೋರಿಸುತ್ತಿದ್ದೆ. ಈ ಒಂದು ವಿದ್ಯೆ ನನಗೆ ಹುಟ್ಟಿನಿಂದ ಇದೆ. ಒಬ್ಬರ ದನಿ ಎರಡು ಸಲ ಕೇಳಿದರೆ ಸಾಕು, ನನ್ನ ಗಂಟಲಿಗೆ ಬಂದು ಕೂರುತ್ತದೆ.

“ಅಜ್ಜಿ, ನೀವೊಂದು ಕತೆ ಓದ್ಕೊಡಿ” ಎಂದಳು ಹುಡುಗಿ. “ನಿಮಗೆ ಓದೋಕೆ ಬರುತ್ತಲ್ವಾ?”

ಹೆಂಗಸರೆಲ್ಲ ಕತ್ತಿ ನಿಲ್ಲಿಸಿ ನನ್ನನ್ನೇ ನೋಡಿದರು.

“ಬರ್ದೆ ಏನು ಕಣಮ್ಮಿ? ನಾನೇನ್ ಎಬ್ಬೆಟ್ಟಾ?” ಎಂದೆ.

ಪಕ್ಕದಲ್ಲಿದ್ದವಳು ಸುಮ್ಮನಿರಬೇಕಲ್ಲ. “ಓದ್ತಳೆ ಬುಡವ್ವ. ಮೇಷ್ಟ್ರ ಎಂಡ್ತಿಗೂ ಇಲ್ದಿದ್ದ ಕನ್ನಡ್ಕ ಅದೆ ಇವಳ್ಗೆ” ಎಂದಳು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ಅನುಮಾನವಿತ್ತು. ಅದಕ್ಕೇ ನಾನು ಪುಸ್ತಕ ಇಸಿದುಕೊಂಡೆ.

ಮೊದಲ ಮೂರು ಕತೆ ಹೇಗೆ ಮಾಡಿದೆ ಎಂದು ಹೇಳುತ್ತೇನೆ. ಪುಸ್ತಕವನ್ನು ಮನೆಗೆ ತರುತ್ತಿದ್ದೆ. ನಾನು ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಸೊಸೆ ಕೂತು ಒಂದು ಸಲ ಓದುತ್ತಿದ್ದಳು. ಒಂದೇ ಸಲ. ನನಗೆ ಅಷ್ಟು ಸಾಕು. ಎಲ್ಲಿ ಹಾಳೆ ಮುಗಿಯುತ್ತದೆ ಎಂಬುದನ್ನೂ ಗುರುತಿಟ್ಟುಕೊಳ್ಳುತ್ತಿದ್ದೆ. ಬುಧವಾರ ಮಧ್ಯಾಹ್ನ ಲೈಬ್ರರಿಗೆ ಹೋಗಿ, ಪುಸ್ತಕ ಮುಂದೆ ಹಿಡಿದು, ಬಾಯಿಪಾಠ ಒಪ್ಪಿಸುತ್ತಿದ್ದೆ. ಫ್ಯಾನು ಸದ್ದು ಮಾಡುತ್ತದೆಂದು ಆರಿಸುತ್ತಿದ್ದರು. ಕಿಟಕಿ ಹಾಕುತ್ತಿದ್ದರು. ಹುಡುಗಿ ಬಾಗಿಲಾಚೆ ನಿಂತು ಬಂದವರನ್ನು ಕೈಸನ್ನೆಯಲ್ಲಿ ಸುಮ್ಮನಿರಿಸುತ್ತಿದ್ದಳು. ಒಳಗೆ ನಾನು, ಪುಸ್ತಕಗಳಿಗೆ ಒರಗಿಸಿಟ್ಟ ಫೋನು, ಒಂದು ಲೋಟ ನೀರು.

ಜನಕ್ಕೆ ಹಿಡಿಸಿತು. ಅಜ್ಜಿ ಓದಿದ್ದು ಹಾಕಿ, ಅಜ್ಜಿ ಓದಿದ್ದು ಹಾಕಿ ಎಂದು ಗುಂಪಿನಲ್ಲಿ ಕೇಳುತ್ತಿದ್ದರಂತೆ. ಡೈರಿಯ ಹತ್ತಿರ ಹಾಲು ಹಾಕುವ ಗಂಡಸರು ನನ್ನನ್ನು ಕಂಡರೆ ದಾರಿ ಬಿಡುತ್ತಿದ್ದರು. ಅರವತ್ತೆಂಟು ವರ್ಷಕ್ಕೆ ಮೊದಲ ಸಲ ನನ್ನನ್ನು ಓದು ಬಲ್ಲವಳು ಎಂದು ಕರೆದರು. ಸುಳ್ಳಾದರೂ ಕಿವಿಗೆ ಹಿತವಾಗಿತ್ತು. ಬೇಡ ಎನ್ನಲು ಆಗಲಿಲ್ಲ.

ನಾಲ್ಕನೆಯದು ಒಬ್ಬ ಹೊಸ ಅಳಿಯನ ಕತೆ. ಹಬ್ಬಕ್ಕೆ ಮಾವನ ಮನೆಗೆ ಹೋಗುತ್ತಾನೆ. ಬಡಿಸಲು ಬಂದಾಗಲೆಲ್ಲ ಮರ್ಯಾದೆಗೆ ಬೇಡ ಬೇಡ ಎನ್ನುತ್ತಾನೆ, ಹೊಟ್ಟೆ ಚುರುಗುಟ್ಟುತ್ತದೆ. ಕೊನೆಗೆ ಯಾರೂ ಇಲ್ಲದಾಗ ಅಡುಗೆಮನೆಗೆ ನುಗ್ಗಿ ಎರಡು ಒಬ್ಬಟ್ಟನ್ನು ಕೋಟಿನ ಜೇಬಿಗೆ ಇಳಿಸುತ್ತಾನೆ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತು ಅಳಿಯಂದಿರೇ ಎಂದು ಕರೆಯುತ್ತಾಳೆ.

ಸೊಸೆ ಅಲ್ಲಿಯವರೆಗೆ ಓದಿದಳು. “ಅತ್ತೆ, ಡೈರಿ ಮುಚ್ಬುಡ್ತರೆ. ಬಂದು ಉಳ್ದಿದ್ದ ಓದ್ತಿನಿ” ಎಂದು ಹಾಲಿನ ಕ್ಯಾನು ಎತ್ತಿಕೊಂಡು ಹೋದಳು. ಬರುವ ಹೊತ್ತಿಗೆ ಅವಳ ತವರಿಂದ ಫೋನು, ಅಮ್ಮ ಜಾರಿ ಬಿದ್ದಿದ್ದಾಳೆ ಎಂದು. ಇದ್ದ ಸೀರೆಯಲ್ಲೇ ಬಸ್ಸು ಹತ್ತಿದಳು. ಮಾರನೇ ದಿನ ಬುಧವಾರ.

ಮುಂದಿನ ವಾರ ಓದುತ್ತೇನೆ ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಯಾಕೆ ಎಂದು ಕೇಳಿಯಾರು ಎಂಬ ಹೆದರಿಕೆ. ಬೆಳಿಗ್ಗೆ ಕೂತು ನಾನೇ ಓದಲು ನೋಡಿದೆ. ಒಂದು ಸಾಲಿನಲ್ಲಿ ನಾಲ್ಕು ಒತ್ತಕ್ಷರ. ಒಲೆಯ ಮೇಲಿನ ಅನ್ನ ಸೀದುಹೋಯಿತು, ಸಾಲು ಮುಗಿಯಲಿಲ್ಲ.

ಮಧ್ಯಾಹ್ನ ಹೋಗಿ ಕೂತೆ. ಅಳಿಯ ಒಬ್ಬಟ್ಟು ಜೇಬಿಗೆ ಇಳಿಸುವವರೆಗೆ ಸರಾಗವಾಗಿ ಬಂತು. ಅತ್ತೆ ಬಾಗಿಲಿಗೆ ಬಂದಳು. ಅಲ್ಲಿಗೆ ನನ್ನ ಸರಕು ಖಾಲಿ. ಬಾಗಿಲ ಗಾಜಿನಾಚೆ ಹುಡುಗಿ ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದು ತೋರಿಸುತ್ತಿದ್ದಾಳೆ. ಫೋನಿನಲ್ಲಿ ಅಂಕಿ ಓಡುತ್ತಿದೆ. ನಾನು ಒಂದು ಹಾಳೆ ತಿರುವಿದೆ. ಬಟ್ಟೆಯೊಳಗೆ ಬಚ್ಚಿಟ್ಟುಕೊಂಡವರು ಬೇರೆ ಯಾರು ಎಂದು ತಲೆ ಹುಡುಕಿತು. ಒಬ್ಬಳು ಸಿಕ್ಕಳು.

ಅವಳು ನನ್ನ ನಾದಿನಿ. ನನ್ನ ಗಂಡನ ಒಬ್ಬಳೇ ತಂಗಿ, ನನಗಿಂತ ಮೂರು ವರ್ಷ ಚಿಕ್ಕವಳು. ಉಮ್ಮತ್ತೂರಿಗೆ ಕೊಟ್ಟಿದ್ದರು. ನಲವತ್ತು ವರ್ಷದ ಹಿಂದಿನ ಮಾತು. ಹಬ್ಬ ಮುಗಿಸಿ ಗಂಡನ ಮನೆಗೆ ಹೊರಟಿದ್ದಳು. ತವರಿಂದ ಹೊರಡುವ ಮಗಳಿಗೆ ನಮ್ಮಲ್ಲಿ ಮಡಿಲಕ್ಕಿ ಹಾಕುತ್ತೇವೆ. ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಒಂದು ಕುಪ್ಪಸದ ಬಟ್ಟೆ, ಇಷ್ಟನ್ನು ಅವಳ ಸೆರಗಿಗೆ ಹಾಕಿ ಸೊಂಟಕ್ಕೆ ಕಟ್ಟಿ ಕಳಿಸುವುದು. ಬೇಳೆ ಹಾಕುವ ಕ್ರಮ ಇಲ್ಲ. ನಮ್ಮತ್ತೆಗೆ ಮಂಡಿ ಹಿಡಿದಿತ್ತು, ಉಗ್ರಾಣದ ಬೀಗದಕೈ ನನ್ನ ಹತ್ತಿರ ಇತ್ತು, ಮಡಿಲಕ್ಕಿ ಹಾಕಿದವಳು ನಾನು. ಹಾಕಿದ ಮೇಲೆ ಅವಳು ಕಾಲಿಗೆ ಬೀಳಲು ಬಗ್ಗಿದಳು. ಸೊಂಟದಿಂದ ಏನೋ ಸಡಿಲವಾಯಿತು. ಒಂದು ಹಳೇ ಟವೆಲಿನ ಗಂಟು ಬಿಚ್ಚಿಕೊಂಡು ತೊಗರಿಬೇಳೆ ಸರ್ರಂತ ನೆಲಕ್ಕೆ ಸುರಿಯಿತು. ಎರಡು ಸೇರಾದರೂ ಇತ್ತು.

ಒಳಮನೆಯಲ್ಲಿ ನಾವಿಬ್ಬರೇ. ಅವಳು ಬಗ್ಗಿದವಳು ಏಳಲೇ ಇಲ್ಲ. ಬಗ್ಗಿಕೊಂಡೇ ಹೇಳಿದಳು.

“ನಮ್ಮಪ್ಪನ್ ಮನೇದೇ ಕಣತ್ತಿಗೆ. ಬ್ಯಾರೆ ಯಾರ್ದೂ ಅಲ್ಲ.”

ಆಮೇಲೆ, “ಯಾರ್ಗೂ ಏಳ್ಬ್ಯಾಡ ಕಣತ್ತಿಗೆ.”

“ಏಳಲ್ಲ ಕಣವ್ವ. ನನ್ ಮಕ್ಕಳಾಣೆ” ಎಂದೆ. ಅವತ್ತಿನಿಂದ ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಲಿಲ್ಲ. ಗುಟ್ಟು ಇಟ್ಟುಕೊಂಡದ್ದಕ್ಕೆ ನನ್ನನ್ನು ನಾನೇ ದೊಡ್ಡ ಮನಸ್ಸಿನವಳು ಎಂದುಕೊಂಡಿದ್ದೆ.

ಆ ಬುಧವಾರ ಫೋನಿನ ಮುಂದೆ ಎಲ್ಲ ಸುರಿದೆ. ಆ ಅಳಿಯನನ್ನು ಮೀರಿಸಿದವಳು ಆ ಮನೆಯ ಮಗಳು ಎಂದು ಶುರು ಮಾಡಿದೆ. ಹೆಸರು ಹೇಳಲಿಲ್ಲ, ಊರು ಬದಲಾಯಿಸಿದೆ. ಬೇಳೆ ಕಟ್ಟಿಕೊಂಡು ತುಂಬು ಬಸುರಿಯ ಹಾಗೆ ನಡೆದಳು ಎಂದೆ. ಬೇಳೆ ಸುರಿಯುವ ಸದ್ದನ್ನು ಹಲ್ಲಿನ ಸಂದಿಯಿಂದ ಮಾಡಿದೆ. ಇಷ್ಟಾಗಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಅವಳ ಮಾತು ಬಂದಾಗ ನನಗೆ ಅವಳ ದನಿಯೇ ಬಂತು. ನಾದಿನಿಗೆ ಚಿಕ್ಕಂದಿನಿಂದ ಮೂಗಿನಲ್ಲಿ ಮಾತು, ಕೊನೆಯ ಅಕ್ಷರವನ್ನು ಎಳೆಯುತ್ತಾಳೆ. ನಮ್ಮಪ್ಪನ್ ಮನೇದೇ ಕಣತ್ತಿಗೆ ಎಂಬುದನ್ನು ಹಾಗೇ ಹೇಳಿದೆ, ಎರಡು ಸಲ ಹೇಳಿದೆ. ಕಾಗದದ ಮೇಲೆ ಬರೆದಿದ್ದರೆ ಅದು ಯಾವ ಹೆಂಗಸಾದರೂ ಆಗಬಹುದಿತ್ತು. ನನ್ನ ಬಾಯಲ್ಲಿ ಅದು ಅವಳೊಬ್ಬಳೇ ಆಯಿತು.

ಕೊನೆ ಮಾಡಬೇಕಲ್ಲ. ಅತ್ತಿಗೆ ನಕ್ಕು, ಬೇಳೆಯನ್ನೆಲ್ಲ ಬಳಿದು, ಗಟ್ಟಿ ಗಂಟು ಹಾಕಿ ಅವಳ ಮಡಿಲಿಗೇ ಕಟ್ಟಿ, ಮೇಲೊಂದು ತೆಂಗಿನಕಾಯಿ ಇಟ್ಟು ಕಳಿಸಿದಳು ಎಂದೆ. ಪುಸ್ತಕ ಮುಚ್ಚಿದೆ. ಮುಚ್ಚಿದ ಸದ್ದೂ ಅದರಲ್ಲಿ ಬಂದಿದೆ.

ಹುಡುಗಿ ಒಳಗೆ ಬಂದು ಕೇಳಿ, ಕಣ್ಣೊರೆಸಿಕೊಂಡು ನಕ್ಕಳು. “ಅಜ್ಜಿ, ಈ ಪುಸ್ತಕದಲ್ಲಿ ಇಂಥ ಕತೆ ಇತ್ತಾ? ನಾನು ಓದೇ ಇರ್ಲಿಲ್ಲ” ಎಂದಳು. ನಾನು ನೀರು ಕುಡಿದೆ.

ಅದು ಓಡಿದ ಹಾಗೆ ಯಾವುದೂ ಓಡಲಿಲ್ಲ. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ, ಅಲ್ಲಿಂದ ಮತ್ತೊಂದಕ್ಕೆ. ಸೊಸೆ ಇನ್ನೂ ತವರಲ್ಲೇ ಇದ್ದಳು, ಗಂಟಲು ಕಟ್ಟಿದೆ ಎಂದು ಹೇಳಿ ಮುಂದಿನ ಬುಧವಾರಗಳನ್ನು ತಪ್ಪಿಸಿಕೊಂಡೆ. ಎರಡು ವಾರಕ್ಕೆ ನಾನು ಕಣ್ಣು ತೋರಿಸಲು ಚಾಮರಾಜನಗರದ ಆಸ್ಪತ್ರೆಗೆ ಹೊರಟೆ. ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಟಿಕೆಟ್ಟು ಇಸಿದುಕೊಳ್ಳುತ್ತಿದ್ದೇನೆ, ಹಿಂದಿನ ಸೀಟಿನಿಂದ ನನ್ನದೇ ದನಿ. ಮೂರು ಜನ ಹೆಂಗಸರು ಒಂದೇ ಫೋನಿಗೆ ತಲೆ ಕೊಟ್ಟು ಕೂತಿದ್ದರು. ಬೇಳೆ ಸುರಿಯುವ ಜಾಗ ಬಂತು. ಸೀಟು ಅಲ್ಲಾಡುವ ಹಾಗೆ ನಕ್ಕರು. ಒಬ್ಬಳು, “ನಮ್ಮಪ್ಪನ್ ಮನೇದೇ ಕಣತ್ತಿಗೇ” ಎಂದು ಮೂಗಿನಲ್ಲಿ ಎಳೆದಳು. ನಾನು ಆಡಿದ ಹಾಗೆ ಬರಲಿಲ್ಲ. ಆದರೂ ಇನ್ನಿಬ್ಬರು ಮತ್ತೆ ನಕ್ಕರು.

ಆಗ ನನಗೆ ನಾಚಿಕೆ ಆಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳು. ನಾನು ತಿರುಗಿ, “ಅದು ನಾನೇ ಕಣ್ರವ್ವ ಓದಿರದು” ಎಂದೆ.

“ನೀವೇಯ? ಬುಡಿ ಅಜ್ಜಿ, ಸುಳ್ಯಾಕೆ?” ಎಂದಳು ಒಬ್ಬಳು.

ನಾನು ಸರ್ರಂತ ಸದ್ದು ಮಾಡಿ ತೋರಿಸಿದೆ. ತೆರಕಣಾಂಬಿ ದಾಟುವವರೆಗೆ ಬಸ್ಸಿನಲ್ಲಿ ನನ್ನದೇ ಮಾತು.

ಅದಾಗಿ ನಾಲ್ಕು ದಿನಕ್ಕೆ ಉಮ್ಮತ್ತೂರಿನಿಂದ ನಾದಿನಿಯ ಸೊಸೆ ಫೋನು ಮಾಡಿದಳು. ಅವಳು ಚಾಮರಾಜನಗರದಲ್ಲಿ ಒಂದು ಆಫೀಸಿನಲ್ಲಿ ಕೆಲಸದಲ್ಲಿದ್ದಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ.

“ಅತ್ತೆ ಮೂರು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ” ಎಂದಳು. “ನೀವೊಂದ್ಸಲ ಬಂದ್ಹೋಗಿ.”

“ಉಷಾರಿಲ್ವಾ?” ಎಂದೆ.

“ಆ ಕತೆ ಕೇಳಿದ್ರು” ಎಂದಳು. ಅಷ್ಟೇ ಹೇಳಿ ಇಟ್ಟಳು.

ಮಾರನೇ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಚಾಮರಾಜನಗರದ ಸ್ಟ್ಯಾಂಡಿನಲ್ಲಿ ಇಳಿದು ಉಮ್ಮತ್ತೂರಿನ ಬಸ್ಸಿಗೆ ಕಾಯುವಾಗ ಏನು ಹೇಳಬೇಕೆಂದು ಕಟ್ಟಿಕೊಂಡೆ. ಹೆಸರು ಹೇಳಲಿಲ್ಲ ಎನ್ನುವುದು. ಊರು ಬದಲಾಯಿಸಿದೆ ಎನ್ನುವುದು. ಅತ್ತಿಗೆ ಬೇಳೆ ಕಟ್ಟಿಕೊಟ್ಟಳು ಎಂದು ಕೊನೆ ಮಾಡಿದ್ದೇನಲ್ಲ, ನಿನ್ನ ಮರ್ಯಾದೆ ಎಲ್ಲಿ ಹೋಯಿತು ಎನ್ನುವುದು. ಬಾಯಿ ಇದ್ದವಳು, ಬಾಯಿಯನ್ನೇ ನಂಬಿಕೊಂಡು ಹೋದೆ.

ಅವಳು ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಏಳಲಿಲ್ಲ.

“ಬಂದಾ ಅತ್ತಿಗೆ? ಕೂತ್ಕ.”

ನಾನು ತಂದಿದ್ದ ಬಾಳೆಹಣ್ಣು ಪಕ್ಕದಲ್ಲಿಟ್ಟು ಕೂತೆ. ಅವಳ ಸೊಸೆ ನೀರು ಕೊಟ್ಟು ಆಫೀಸಿಗೆ ಹೊರಟುಹೋದಳು.

“ತಪ್ಪಾಯ್ತು ಕಣವ್ವ” ಎಂದೆ. “ನಾನು ಯಾರ್ ಎಸ್ರೂ ಏಳ್ನಿಲ್ಲ.”

“ಎಸ್ರು ಯಾಕ್ ಬೇಕಿತ್ತು? ನನ್ ಮೂಗ್ನಲ್ಲೇ ಮಾತಾಡಿದ್ದೀಯಲ್ಲ.” ಅವಳ ಕೈ ನಿಲ್ಲಲಿಲ್ಲ, ಬೀಜ ತಟ್ಟೆಗೆ ಬೀಳುತ್ತಿತ್ತು. “ನನ್ ಸೊಸೆ ಆಪೀಸ್ನಲ್ಲಿ ಊಟದೊತ್ತಲ್ಲಿ ಕೇಳಿ ನಕ್ಕಳಂತೆ. ಮನೆಗ್ ಬಂದು ಆಕುದ್ಲು. ಅತ್ತೆ, ಇವ್ರು ನಿಮ್ಮಂಗೇ ಮಾತಾಡ್ತರೆ ಕೇಳಿ ಅಂದ್ಲು. ನಾನೂ ನಕ್ಕೆ ಕಣತ್ತಿಗೆ. ಬ್ಯಾಳೆ ಚೆಲ್ಲೋಗಂಟ ನಾನೂ ನಗ್ತಿದ್ದೆ.”

ನಾನು ಬಾಳೆಹಣ್ಣನ್ನು ಅವಳ ಕಡೆ ಸರಿಸಿದೆ.

“ಈ ಮನೇಲಿ ನಲ್ವತ್ತು ವರ್ಷ ಏನ್ ಏಳ್ಕಂಡು ಬದುಕ್ದೆ ಗೊತ್ತಾ? ನಮ್ಮಪ್ಪನ್ ಮನೇಲಿ ಬ್ಯಾಳೆನ ಸೇರಲ್ಲಲ್ಲ, ಪಲ್ಲದ್ ಲೆಕ್ಕದಲ್ಲಿ ಅಳೀತಿದ್ರು ಅಂತ. ಈಗ ಸೊಸೆ ನಕ್ಕಂಡು ಏನೂ ಕೇಳಲ್ಲ. ಒಳ್ಳೇವ್ಳು, ಕೇಳಲ್ಲ. ಕೇಳ್ದೆ ಇರದ್ನೇ ನಂಗ್ ತಡ್ಯಕಾಯ್ತಾ ಇಲ್ಲ.”

“ಕೊನೇಲಿ ಅತ್ತಿಗೆ ಕಟ್ಕೊಟ್ಳು ಅಂದಿದ್ದೀನಲ್ಲವ್ವ” ಎಂದೆ.

ಆಗ ಅವಳು ಕೈ ನಿಲ್ಲಿಸಿ ನನ್ನ ಮುಖ ನೋಡಿದಳು.

“ಆ ಬ್ಯಾಳೆ ಎಲ್ಲೋಯ್ತು ಅತ್ತಿಗೆ?”

ನಿಜ ಹೇಳುತ್ತೇನೆ, ಆ ಗಳಿಗೆಯವರೆಗೆ ನಾನೇ ಅದನ್ನು ಮರೆತಿದ್ದೆ. ಮರೆತದ್ದಲ್ಲ, ಮೇಲೆ ಬೇರೆ ಹೊದಿಸಿ ಮಲಗಿಸಿದ್ದೆ. ಕತೆಯ ಅತ್ತಿಗೆ ಗಂಟು ಕಟ್ಟಿ ಕೊಟ್ಟಳು. ನಾನು ಕೊಡಲಿಲ್ಲ. ನಾನು ಮೊರ ತಂದೆ. ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿ ಬೇಳೆಯನ್ನು ಬಳಿದು ಮೊರಕ್ಕೆ ತುಂಬಿದೆ. ನೆಲದ ಸಂದಿಗೆ ಹೋದ ಕಾಳನ್ನೂ ಬೆರಳಿನಿಂದ ಎತ್ತಿದೆ. ಕೇರಿ, ಮಣ್ಣು ಹಾರಿಸಿ, ಉಗ್ರಾಣದ ಗುಡಾಣಕ್ಕೆ ಸುರಿದು ಮುಚ್ಚಳ ಹಾಕಿದೆ. ಅವಳು ಅಷ್ಟು ಹೊತ್ತೂ ಮಡಿಲಕ್ಕಿ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಯಾರಿಗೂ ಹೇಳಲ್ಲ ಎಂದು ಆಣೆ ಮಾಡಿದ್ದು ಮುಚ್ಚಳ ಹಾಕಿದ ಮೇಲೆ. ಆ ವರ್ಷ ಮನೆಯಲ್ಲಿ ಬೇಳೆಗೆ ಬರ ಇರಲಿಲ್ಲ. ಬೀಗದಕೈ ನನ್ನದು, ಕೇಳದೆ ತೆಗೆದಳಲ್ಲ ಎಂಬ ಸಿಟ್ಟು, ಅಷ್ಟೇ.

“ಗುಡಾಣಕ್ಕೆ ಉಯ್ದೆ” ಎಂದೆ.

“ಊಂ. ಉಯ್ದೆ.” ಅವಳು ಮತ್ತೆ ಬೀಜ ಬಿಡಿಸತೊಡಗಿದಳು. “ಅವಾಗ ನನ್ ಸಣ್ ಐಕಳ್ಗೆ ಜರ ಬಂದು ಬುಟ್ಟಿತ್ತು. ಬ್ಯಾಳೆ ಕಟ್ಟು ಕುಡ್ಸಿ ಅಂದಿದ್ರು ಡಾಕ್ಟ್ರು. ನಮ್ಮನೇಲಿ ಒಂದಿಡಿ ಇರ್ನಿಲ್ಲ.”

“ಕೇಳ್ಬಾರ್ದಾಗಿತ್ತಾ ನನ್ನ?”

“ಕೇಳಿದ್ರೆ ಕೊಡ್ತಿದ್ಯಾ?”

ಕೊಡುತ್ತಿದ್ದೆ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ. ನನಗೇ ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ. ಅವಳ ಕಾಲು ಹಿಡಿದುಕೊಳ್ಳಲು ಬಗ್ಗಿದೆ.

“ಬ್ಯಾಡ ಬುಡು” ಎಂದು ಕಾಲು ಎಳೆದುಕೊಂಡಳು. “ಕಾಲ್ ಇಡ್ಕಂಡ್ರೆ ನಿಂಗ್ ಅಗ್ರಾಯ್ತದೆ, ನಂಗೇನಾಯ್ತದೆ? ಅದೇ ಫೋನ್ಗೆ ನೀನೇ ಏಳು. ಕೇಳ್ದೋರೆಲ್ಲ ಕೇಳ್ಲಿ. ಬ್ಯಾಳೆ ಎಲ್ಲೋಯ್ತು ಅಂತ ಏಳು.”

ಉಣ್ಣು ಎಂದಳು. ಉಂಡೆ. ಅನ್ನ ಸಾರು ಬಡಿಸಿ ತಾನು ಎದುರಿಗೆ ಕೂತು ಉಣ್ಣದೆ ನೋಡುತ್ತಿದ್ದಳು. ಇಷ್ಟು ಕಷ್ಟದ ಊಟ ನಾನು ಜನ್ಮದಲ್ಲಿ ಉಂಡಿಲ್ಲ.

ಬುಧವಾರದವರೆಗೆ ಕಾಯಲಿಲ್ಲ. ಮಾರನೇ ದಿನ ಲೈಬ್ರರಿಗೆ ಹೋದೆ. ಇಬ್ಬರು ಪೇಪರ್ ಓದುತ್ತ ಕೂತಿದ್ದರು. ಅವರು ಹೋಗಲಿ ಎಂದು ಮೊದಲು ಅಂದುಕೊಂಡೆ. ಆಮೇಲೆ, ಇರಲಿ ಬಿಡು ಎಂದು ಅವರ ಮುಂದೆಯೇ ಹೇಳಿದೆ.

“ನಂಗೆ ಓದಕ್ಕೆ ಬರಲ್ಲ ಕಣಮ್ಮಿ.”

ಹುಡುಗಿಗೆ ಅರ್ಥವಾಗಲಿಲ್ಲ. “ಕಣ್ಣು ಕಾಣಿಸ್ತಿಲ್ವಾ ಅಜ್ಜಿ?”

“ಕಣ್ಣು ಕಾಣ್ತದೆ. ಓದಕ್ಕೆ ಬರಲ್ಲ. ಮೂರು ಕತೆ ನನ್ ಸೊಸೆ ಓದಿ ಏಳ್ಕೊಟ್ಟಿದ್ದು. ನಾಕ್ನೇದು ನಂದೇ ಮನೇದು.”

ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. ಹುಡುಗಿ ಬೀರುವಿನಿಂದ ಆ ಪುಸ್ತಕ ತೆಗೆದು ಅಳಿಯನ ಕತೆಯ ಉಳಿದ ಭಾಗವನ್ನು ನಿಂತಲ್ಲೇ ಓದಿದಳು, ಅದೇ ವಾರ್ತೆಯ ದನಿಯಲ್ಲಿ. ಅಳಿಯ ಹೊರಗೆ ಬರುತ್ತಾನೆ, ಒಬ್ಬಟ್ಟಿನ ವಾಸನೆಗೆ ಬೀದಿನಾಯಿ ಕೋಟಿಗೆ ಬೀಳುತ್ತದೆ, ಮಾವನ ಊರಿನ ಬೀದಿಯಲ್ಲೆಲ್ಲ ಓಡುತ್ತಾನೆ, ನಾಯಿಗೆ ಒಬ್ಬಟ್ಟು, ಅಳಿಯನಿಗೆ ಹರಿದ ಕೋಟು. ಅಷ್ಟೇ. ಯಾರ ಮನೆಯ ಹೆಂಗಸಿಗೂ ನೋವಿಲ್ಲ. ಬರೆದವರು ಎಷ್ಟು ಜೋಪಾನವಾಗಿ ನಗಿಸಿದ್ದಾರೆ ಎಂದು ನನಗೆ ಆಗ ತಿಳಿಯಿತು.

ಹುಡುಗಿ ನನಗೆ ಬೈಯಲಿಲ್ಲ. ಗುಂಪಿನಿಂದ ನಾಲ್ಕನೇ ಕತೆಯನ್ನು ಅಳಿಸಲು ನೋಡಿದಳು. ಅಷ್ಟು ದಿನ ಆದಮೇಲೆ ಎಲ್ಲರ ಫೋನಿನಿಂದ ಹೋಗುವುದಿಲ್ಲವಂತೆ. ಬೇರೆ ಗುಂಪಿಗೆ ಹೋದದ್ದಂತೂ ಯಾರ ಕೈಯಲ್ಲೂ ಇಲ್ಲವಂತೆ.

“ಅಂಗಾರೆ ಇನ್ನೊಂದ ಏಳ್ತಿನಿ, ಇಡ್ಕ” ಎಂದೆ.

ಫ್ಯಾನು ಆರಿಸಿದಳು. ಪುಸ್ತಕ ಕೈಗೆ ಕೊಡಲು ಬಂದಳು, ಅಭ್ಯಾಸಬಲ. ಬೇಡ ಎಂದೆ. ಸದ್ದು ಮಾಡಲಿಲ್ಲ, ಯಾರ ದನಿಯನ್ನೂ ಮಾಡಲಿಲ್ಲ. ಬೇಳೆಯ ಕತೆ ಪುಸ್ತಕದ್ದಲ್ಲ, ನಮ್ಮ ಮನೆಯದು, ನನಗೆ ಓದು ಬರುವುದಿಲ್ಲ ಎಂದೆ. ಅತ್ತಿಗೆ ಎನ್ನುವವಳು ನಾನು ಎಂದೆ. ಬೇಳೆಯನ್ನು ಕಟ್ಟಿಕೊಡಲಿಲ್ಲ, ಮೊರದಲ್ಲಿ ಬಳಿದು ಗುಡಾಣಕ್ಕೆ ಸುರಿದೆ ಎಂದೆ. ಜ್ವರ ಬಿಟ್ಟ ಮಕ್ಕಳಿಗೆ ಅಂತ ತೆಗೆದುಕೊಂಡಿದ್ದಳು ಎಂದೆ. ಹೇಳಿದ್ದು ಎರಡು ನಿಮಿಷವೂ ಆಗಲಿಲ್ಲ. ನಗಿಸಲು ಹದಿನೈದು ನಿಮಿಷ ತೆಗೆದುಕೊಂಡಿದ್ದೆ.

“ಇದನ್ನ ಎಲ್ಲಿಗೆ ಹಾಕ್ಲಿ ಅಜ್ಜಿ?” ಎಂದಳು ಹುಡುಗಿ. “ನಗೆ ಕತೆ ಗುಂಪು ಒಂದೇ ಇರೋದು.”

“ಅದ್ಕೇ ಆಕು.”

ಹಾಕಿದಳು. ಇಬ್ಬರೂ ಫೋನು ನೋಡುತ್ತ ಕೂತೆವು. ಒಂದು ನಿಮಿಷವೂ ಆಗಿರಲಿಲ್ಲ, ನಗುವ ಮುಖಗಳು ಬರತೊಡಗಿದವು. ಹಳದಿ ಮುಖ, ಕಣ್ಣಿಂದ ನೀರು ಸುರಿಸಿಕೊಂಡು ನಗುವಂಥವು. ಒಂದಾದ ಮೇಲೊಂದು. “ಅಜ್ಜಿ ಸೂಪರ್” ಎಂದು ಒಬ್ಬರು ಬರೆದಿದ್ದಾರೆ ಎಂದು ಹುಡುಗಿ ಓದಿದಳು. ಯಾರೂ ಕೇಳಿರಲಿಲ್ಲ. ಅಜ್ಜಿಯದು ಎಂದ ಕೂಡಲೇ ನಗುವುದು ಅವರಿಗೆ ರೂಢಿಯಾಗಿತ್ತು. ಆ ರೂಢಿ ಮಾಡಿಸಿದವಳು ನಾನೇ. ಹುಡುಗಿ ಫೋನನ್ನು ಮಗುಚಿಟ್ಟಳು.

ಸಾಯಂಕಾಲ ನಾನು ಕೊಟ್ಟಿಗೆಯಲ್ಲಿದ್ದೆ, ಹುಡುಗಿ ಫೋನು ಹಿಡಿದುಕೊಂಡು ಮನೆಗೇ ಬಂದಳು. ಗುಂಪಿಗೆ ಯಾರೋ ಮಾತು ಕಳಿಸಿದ್ದಾರೆ, ನೀವೇ ಕೇಳಿ ಎಂದು ಒತ್ತಿದಳು. ನಾದಿನಿಯ ದನಿ. ಫೋನು ಅವಳ ಸೊಸೆಯದಿರಬೇಕು, ನಿನ್ನೆ ರಾತ್ರಿ ಗುಂಪಿಗೆ ಸೇರಿದ ನಂಬರಂತೆ. ಹತ್ತಿರದಲ್ಲಿ ಆ ಸೊಸೆ, ಹೂಂ ಅತ್ತೆ ಈಗ ಮಾತಾಡಿ, ಎನ್ನುವುದೂ ಕೇಳಿಸಿತು.

“ಆ ಬ್ಯಾಳೆಯವ್ಳು ನಾನೇ ಕಣ್ರವ್ವ” ಎಂದಳು ನಾದಿನಿ. “ಉಮ್ಮತ್ತೂರ್ನವ್ಳು. ನಮ್ಮಪ್ಪನ್ ಮನೇದ ನಾನು ತಕ್ಕಂಡಿದ್ದು. ನಮ್ಮತ್ತಿಗೆ ಈಗ ಏಳಿರದೇ ದಿಟ. ಕೇಳಿ, ಆಮೇಕೆ ನಗಂಗಿದ್ರೆ ನಗಿ.”

ಅಷ್ಟೇ. ಎಲ್ಲರೂ ಕೇಳಿದರು ಎಂಬುದಕ್ಕೆ ಏನೋ ಗುರುತು ಬರುತ್ತದಂತೆ, ಬಂದಿತ್ತು. ನಗುವ ಮುಖ ಒಂದೂ ಬರಲಿಲ್ಲ. ಮೊದಲು ಹಾಕಿದ್ದವರಲ್ಲಿ ಕೆಲವರು ತಮ್ಮದನ್ನು ಅಳಿಸಿಕೊಂಡಿದ್ದರು.

“ಏನಾದ್ರೂ ಹೇಳ್ತೀರಾ ಅಜ್ಜಿ? ಒತ್ತಿ ಹಿಡ್ಕೊಳ್ಲಾ?” ಎಂದು ಹುಡುಗಿ ಕೇಳಿದಳು.

ಬೇಡ ಎಂದೆ. ಬಾಯಿ ತೆರೆದಿದ್ದರೆ ಏನು ಹೇಳಿಬಿಡುತ್ತಿದ್ದೆನೋ. ನನಗೆ ನನ್ನ ಬಾಯಿಯ ಮೇಲೆ ಈಗ ನಂಬಿಕೆ ಇಲ್ಲ.